ಕೇಮನ್‌ನ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್ ಸೋರ್ತಿದೆ: ಅದನ್ನೇ ಹೊಸದು ಹಾಕಿಸಲೋ, ಮಾಮೂಲಿ ಕಾಯಿಲ್‌ಓವರ್‌ಗೆ ಹೋಗಲೋ?

ನಂದಿ_ಮುಂಜಾವು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಪೋರ್ಷ ಕೇಮನ್ ಎಸ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಪಿಎಎಸ್‌ಎಂ ಇರುವ ಗಾಡಿ, ಅಂದರೆ ಶಾಕ್‌ಗಳನ್ನು ಕಂಪ್ಯೂಟರೇ ಗಡಸು, ಮೆತ್ತಗೆ ಮಾಡುತ್ತದೆ. ಮುಂದಿನ ಬಲಗಡೆ ಶಾಕ್ ಸೋರುತ್ತಿದೆ. ಕೊಳವೆಯ ಮೇಲೆ ಎಣ್ಣೆ ಇಳಿದು, ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪಗಾಗಿದೆ. ಜೊತೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಆಗಾಗ ಪಿಎಎಸ್‌ಎಂ ಕೆಟ್ಟಿದೆ ಅಂತ ಸಂದೇಶ ಬರುತ್ತದೆ. ಗಾಡಿ ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಹೋಗುತ್ತದೆ. ಇಷ್ಟು ವಯಸ್ಸಾದ ಮೇಲೆ ಯಾವ ಶಾಕ್ ಆದರೂ ಸೋರುತ್ತದೆ, ಅದಕ್ಕೆ ಯಾರನ್ನೂ ದೂರುತ್ತಿಲ್ಲ.

ಮೂಲ ಶಾಕ್ ನಾಲ್ಕೂ ಹಾಕಿಸುವ ಖರ್ಚಿಗೆ ಒಳ್ಳೆ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಇದ್ದು ಎತ್ತರ ಹೊಂದಿಸಬಹುದಾದದ್ದು) ಸೆಟ್ ಬಂದು ಇನ್ನೂ ದುಡ್ಡು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಕೆಡಬ್ಲ್ಯೂ ವೇರಿಯಂಟ್ 3, ಓಹ್ಲಿನ್ಸ್ ರೋಡ್ ಅಂಡ್ ಟ್ರ್ಯಾಕ್, ಬಿಲ್‌ಸ್ಟೈನ್ ಬಿ16, ಮೂರೂ ನೋಡುತ್ತಿದ್ದೇನೆ. ಓಡಿಸುವುದು ಹೆಚ್ಚಾಗಿ ವಾರಾಂತ್ಯ. ಬೆಳಗಿನ ಜಾವ ನಂದಿ, ರಜೆ ಸಿಕ್ಕರೆ ಸಕಲೇಶಪುರ, ಯಾವಾಗಲಾದರೂ ಕೊಯಮತ್ತೂರಿನ ಕರಿ ಟ್ರ್ಯಾಕ್. ಅಮ್ಮ ಪಕ್ಕದ ಸೀಟಿನಲ್ಲಿ ಕೂತು ಬರುತ್ತಾರೆ, ಅವರಿಗೆ ಸೊಂಟ ನೋವಿದೆ. ಅದೂ ಲೆಕ್ಕಕ್ಕಿದೆ.

ಹಾಕಿಸಿದವರು ಹೇಳಿ.

---

ಟ್ರ್ಯಾಕ್_ಹುಚ್ಚ (ಚೆನ್ನೈ)

ಯೋಚನೆನೇ ಬೇಡ ಗುರು. ಕಿತ್ತು ಹಾಕಿ, ಓಹ್ಲಿನ್ಸ್ ಹಾಕಿ. ನನ್ನ ಪೋರ್ಷ 911ಕ್ಕೆ (997 ಮಾದರಿ) ಹಾಕಿದ ಮೇಲೆ ಇರುಂಗಟ್ಟುಕೋಟೈ ಟ್ರ್ಯಾಕ್‌ನಲ್ಲಿ ಗಾಡಿ ಬೇರೆಯೇ ಆಗಿಹೋಯಿತು. ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೆ ಗಾಡಿಯ ಮೂಗು ಆ ಕಡೆ ತಿರುಗುತ್ತದೆ.

---

ಗ್ರೀಸ್_ಕೈ (ಬೆಂಗಳೂರು)

ಸ್ವಲ್ಪ ತಡೀರಿ. ಮೊದಲು ಕಾಯಿಲೆ ಏನು ಅಂತ ಗೊತ್ತಾಗಲಿ. ಸೋರುವುದು ಒಂದು, ಡ್ಯಾಶ್ ಸಂದೇಶ ಇನ್ನೊಂದು. ಎಣ್ಣೆ ಸೋರುತ್ತಿರುವುದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಶಾಕ್ ಕೆಟ್ಟಿದೆಯಾ ಅಂತ ಅದು ನೋಡುವುದು ವೈರಿನಲ್ಲಿ ಕರೆಂಟ್ ಹರಿಯುತ್ತಿದೆಯೋ ಇಲ್ಲವೋ ಅಂತ ಮಾತ್ರ. ಹಾಗಾಗಿ ನಿಮಗೆ ಎರಡು ಬೇರೆ ಬೇರೆ ತೊಂದರೆ ಇರಬಹುದು.

ಗಾಡಿ ಆಫ್ ಮಾಡಿ, ಶಾಕ್‌ನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಶಾಕ್ ಕಡೆಯ ಎರಡು ಪಿನ್ ನಡುವೆ ಓಮ್ ನೋಡಿ. ಎಡಗಡೆಯದಕ್ಕೂ ಅದನ್ನೇ ಮಾಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ಶಾಕ್ ಒಳಗಿನ ಕಾಯಿಲ್ (ಕರೆಂಟ್ ಹರಿಯುವ ತಂತಿ ಸುರುಳಿ) ಚೆನ್ನಾಗಿದೆ. ಒಂದು ಕಡೆ ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಕಾಯಿಲ್ ಸರಿ ಇದ್ದೂ ಸಂದೇಶ ಬರುತ್ತಿದ್ದರೆ ವೈರ್ ಹಿಡಿದುಕೊಂಡು ಹೋಗಿ. ಚಕ್ರ ತಿರುಗುವ ಜಾಗದಲ್ಲಿ ವೈರ್ ಬಾಗಿ ಬಾಗಿ ಒಳಗಿನ ತಾಮ್ರ ಮುರಿಯುತ್ತದೆ, ಮೇಲಿನ ರಬ್ಬರ್ ಮಾತ್ರ ನೆಟ್ಟಗೆ ಕಾಣುತ್ತದೆ. ಪಿನ್ ಹಸಿರುಗಟ್ಟಿರುವುದೂ ಮಾಮೂಲು.

---

ನಂದಿ_ಮುಂಜಾವು

ಥ್ಯಾಂಕ್ಸ್ ಅಣ್ಣ. ಶನಿವಾರ ನೋಡಿ ಹೇಳುತ್ತೇನೆ.

---

ನೆಕಾರ್_ತೀರ (ಸ್ಟುಟ್‌ಗಾರ್ಟ್)

ಬಿಲ್‌ಸ್ಟೈನ್ ಬಿ16ರಲ್ಲೇ ಎರಡು ಬಗೆ ಇದೆ, ಗೊಂದಲ ಮಾಡಿಕೊಳ್ಳಬೇಡಿ. ಮಾಮೂಲಿ ಬಿ16ರಲ್ಲಿ ಶಾಕ್ ಮೇಲೆ ತಿರುಪು ಇರುತ್ತದೆ, ಕೈಯಲ್ಲಿ ತಿರುಗಿಸಬೇಕು. ಬಿ16 ಡ್ಯಾಂಪ್‌ಟ್ರಾನಿಕ್ ಅನ್ನುವುದು ಗಾಡಿಯ ಪಿಎಎಸ್‌ಎಂ ಕನೆಕ್ಟರ್‌ಗೇ ಕೂರುತ್ತದೆ. ಎತ್ತರವನ್ನು ನೀವು ಹೊಂದಿಸಬಹುದು, ಗಡಸುತನವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಡ್ಯಾಶ್ ಬಟನ್ ಮೊದಲಿನ ಹಾಗೇ ಕೆಲಸ ಮಾಡುತ್ತದೆ. ಕೆಡಬ್ಲ್ಯೂನಲ್ಲೂ ಡಿಡಿಸಿ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಕಾಯಿಲ್‌ಓವರ್ ಬರುತ್ತದೆ. ಎಲೆಕ್ಟ್ರಾನಿಕ್ ಬಿಡುವುದು ಬೇಕಾ ಬೇಡವಾ ಅನ್ನುವ ಪ್ರಶ್ನೆಗೂ ಆಫ್ಟರ್‌ಮಾರ್ಕೆಟ್ (ಹೊರಗಿನ ಕಂಪನಿಯ) ಶಾಕ್ ಹಾಕುವುದು ಬೇಕಾ ಬೇಡವಾ ಅನ್ನುವುದಕ್ಕೂ ಸಂಬಂಧ ಇಲ್ಲ.

ಇಲ್ಲಿ ಜರ್ಮನಿಯಲ್ಲಿ ಕಾಯಿಲ್‌ಓವರ್ ಹಾಕಿದರೆ ಶಾಕ್ ಜೊತೆ ಬರುವ ಪ್ರಮಾಣಪತ್ರ ಹಿಡಿದು ಟ್ಯೂಫ್ ತಪಾಸಣೆಗೆ ಹೋಗಬೇಕು. ಅವರು ಎತ್ತರ ಅಳೆದು, ಚಕ್ರ ಎಲ್ಲಿಯೂ ತಾಗುವುದಿಲ್ಲ ಅಂತ ನೋಡಿ ಬರೆದುಕೊಟ್ಟರೆ ಮಾತ್ರ ರಸ್ತೆಗೆ. ಅದಕ್ಕೇ ಇಲ್ಲಿ ಜನ ಅಗ್ಗದ ಸೆಟ್ ಮುಟ್ಟುವುದಿಲ್ಲ.

---

ಟ್ರ್ಯಾಕ್_ಹುಚ್ಚ

ಡ್ಯಾಂಪ್‌ಟ್ರಾನಿಕ್ ಹಾಕಿದರೆ ಮತ್ತೆ ಅದೇ ಕಥೆ ಅಲ್ವಾ? ಮತ್ತೆ ವೈರು, ಮತ್ತೆ ಸೆನ್ಸರು, ಮತ್ತೆ ಹತ್ತು ವರ್ಷಕ್ಕೆ ಸಂದೇಶ. ಮಾಮೂಲಿ ಶಾಕ್ ಆದರೆ ಬಿಚ್ಚಿ ಸೀಲ್ ಬದಲಿಸಿ, ಎಣ್ಣೆ ಹಾಕಿ ಮತ್ತೆ ಕಟ್ಟಬಹುದು. ಇನ್ನೊಂದು, ಕಂಪ್ಯೂಟರ್ ಪ್ರತಿ ತಿರುವಿನಲ್ಲೂ ಗಡಸುತನ ಬದಲಾಯಿಸುತ್ತಾ ಇದ್ದರೆ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಕೈಗೆ ಕೂರುವುದೇ ಇಲ್ಲ. ಒಂದೇ ಥರ ನಡೆದುಕೊಳ್ಳುವ ಗಾಡಿಯ ಮೇಲೆ ಮಾತ್ರ ನಂಬಿಕೆ ಬರುವುದು.

---

ಪಿಸ್ಟನ್_ಪಾಠ (ಹೊಸೂರು)

ನಾನು ಶಾಕ್ ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಟ್ರ್ಯಾಕ್_ಹುಚ್ಚ ಅವರ ಕೊನೆಯ ಮಾತು ಸರಿ. ಟ್ರ್ಯಾಕ್‌ನಲ್ಲಿ ಒಂದೇ ಥರದ ನಡವಳಿಕೆ ಬೇಕು. ಆದರೆ ಪಿಎಎಸ್‌ಎಂ ಅಷ್ಟು ದಡ್ಡ ಅಲ್ಲ. ಬಾಡಿ ಮೇಲೆ ಕೆಳಗೆ ಎಷ್ಟು ಜೋರಾಗಿ ಹೋಗುತ್ತಿದೆ, ಸ್ಟೀರಿಂಗ್ ಎಷ್ಟು ತಿರುಗಿದೆ, ವೇಗ ಎಷ್ಟು, ಬ್ರೇಕ್ ಎಷ್ಟು ಒತ್ತಿದ್ದೀರಿ, ಎಲ್ಲ ನೋಡುತ್ತದೆ. ಸ್ಪೋರ್ಟ್‌ನಲ್ಲಿಟ್ಟು ಕೆಟ್ಟ ರಸ್ತೆಗೆ ಇಳಿದರೆ ತಾನೇ ಸ್ವಲ್ಪ ಮೆತ್ತಗಾಗುತ್ತದೆ, ಚಕ್ರ ನೆಲ ಬಿಡಬಾರದು ಅಂತ. ನಾರ್ಮಲ್‌ನಲ್ಲಿಟ್ಟು ಜೋರಾಗಿ ಓಡಿಸಿದರೆ ತಾನೇ ಗಡಸಾಗುತ್ತದೆ. ಹಳೇ ಪಿಎಎಸ್‌ಎಂ ಗಾಡಿಯಿಂದ ಇಳಿದು ಹೊಸ ಓಹ್ಲಿನ್ಸ್ ಗಾಡಿ ಹತ್ತಿ ಹೋಲಿಸುವವರು ನಿಜವಾಗಿ ಹೋಲಿಸುತ್ತಿರುವುದು ಸವೆದ ಶಾಕ್ ಮತ್ತು ಹೊಸ ಶಾಕ್ ಅನ್ನು.

ಈಗ ನಮ್ಮ ರಸ್ತೆಗೆ ಬನ್ನಿ. ಹೆದ್ದಾರಿಯಲ್ಲಿ ಊರು ಬಂದಾಗ ಸಾಲಾಗಿ ಬಿಳಿ ಪಟ್ಟಿ ಬಳಿದಿರುತ್ತಾರಲ್ಲ, ರಂಬಲ್ ಸ್ಟ್ರಿಪ್. ಮೀಟರಿಗೆ ಒಂದರಂತೆ ಇದ್ದರೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಹೊಡೆತ. ಚಕ್ರ ತನ್ನಷ್ಟಕ್ಕೆ ಕುಣಿಯುವ ಗತಿ ಕೂಡ ಸೆಕೆಂಡಿಗೆ 10ರಿಂದ 15ರ ಆಸುಪಾಸು. ಅಂದರೆ ಆ ಪಟ್ಟಿಗಳು ಚಕ್ರವನ್ನು ಅದರ ತಾಳದಲ್ಲೇ ಕುಣಿಸುತ್ತವೆ. ಅಲ್ಲಿ ಕಂಪ್ರೆಷನ್ (ಶಾಕ್ ಕುಗ್ಗುವಾಗಿನ ತಡೆ) ಗಡಸಾಗಿದ್ದರೆ ಹೊಡೆತ ನೇರ ಸೊಂಟಕ್ಕೆ. ರಿಬೌಂಡ್ (ಶಾಕ್ ಮತ್ತೆ ಚಾಚುವಾಗಿನ ತಡೆ) ತೀರಾ ಬಿಗಿ ಇದ್ದರೆ ಇನ್ನೂ ಕೆಟ್ಟದ್ದು: ಒಂದು ಪಟ್ಟಿ ದಾಟಿ ಚಕ್ರ ಪೂರ್ತಿ ಕೆಳಗೆ ಇಳಿಯುವ ಮೊದಲೇ ಮುಂದಿನ ಪಟ್ಟಿ ಬರುತ್ತದೆ. ಹಾಗೇ ಸ್ಪ್ರಿಂಗ್ ಒತ್ತಿಕೊಳ್ಳುತ್ತಾ ಹೋಗಿ ಗಾಡಿ ನೆಲಕ್ಕೆ ಕುಗ್ಗುತ್ತದೆ, ಕೊನೆಗೆ ರಬ್ಬರ್ ಸ್ಟಾಪರ್‌ಗೆ ಬಡಿಯುತ್ತದೆ.

ಓಹ್ಲಿನ್ಸ್‌ನ ಡಿಎಫ್‌ವಿ ವಾಲ್ವ್ ಅನ್ನು ಜನ ಹೊಗಳುವುದು ಇದೇ ಕಾರಣಕ್ಕೆ. ಗುಂಡಿಯ ಮೇಲೆ ಹೋದಾಗ ಎಣ್ಣೆಗೆ ಹೆಚ್ಚುವರಿ ದಾರಿ ತೆರೆಯುತ್ತದೆ, ಅದೂ ಎರಡೂ ದಿಕ್ಕಿಗೆ. ಚಕ್ರ ಬೇಗ ವಾಪಸ್ ನೆಲಕ್ಕೆ ಬರುತ್ತದೆ. ಒಳ್ಳೆಯ ಮಾಮೂಲಿ ಶಾಕ್ ಅಂದರೆ ಕಲ್ಲಿನ ಹಾಗಿರಬೇಕು ಅಂತೇನಿಲ್ಲ.

ಸ್ಪ್ರಿಂಗ್ ವಿಚಾರ ಯಾರೂ ಎತ್ತಲಿಲ್ಲ. ಸ್ಪ್ರಿಂಗ್ 30% ಗಟ್ಟಿ ಮಾಡಿದರೆ ಡ್ಯಾಂಪಿಂಗ್ (ಶಾಕ್ ಕೊಡುವ ತಡೆ) ಸುಮಾರು 14% ಜಾಸ್ತಿ ಬೇಕು, ವರ್ಗಮೂಲದ ಲೆಕ್ಕ. ಅಂಗಡಿಯಲ್ಲಿ ಬರೀ ತಗ್ಗಿಸುವ ಸ್ಪ್ರಿಂಗ್ ತಂದು ಹಳೇ ಶಾಕ್ ಮೇಲೆ ಕೂರಿಸಬೇಡಿ, ದಯವಿಟ್ಟು.

---

ಕೊಡಗಿನ_ತಿರುವು (ಮಡಿಕೇರಿ)

ರಂಬಲ್ ಸ್ಟ್ರಿಪ್ ಲೆಕ್ಕ ಓದಿ ಮೈ ಜುಮ್ಮೆಂದಿತು. ಕುಶಾಲನಗರದ ಹತ್ತಿರ ನಿಧಾನಕ್ಕೆ ಹೋದಷ್ಟೂ ಜಾಸ್ತಿ ಬಡಿಯುತ್ತೆ ಅಂತ ಅಂದುಕೊಳ್ಳುತ್ತಿದ್ದೆ, ಭ್ರಮೆ ಅಲ್ಲ ಹಾಗಾದರೆ.

---

ಪಿಸ್ಟನ್_ಪಾಠ

ಭ್ರಮೆ ಅಲ್ಲ. 20ರಲ್ಲಿ ಹೋದರೆ ಸೆಕೆಂಡಿಗೆ ಐದಾರು ಹೊಡೆತ, ಒಂದೊಂದೂ ಬಿಡಿಬಿಡಿಯಾಗಿ ಗೊತ್ತಾಗುತ್ತದೆ, ಆದರೆ ಚಕ್ರ ಕುಣಿಯುವುದಿಲ್ಲ. ಶಾಕ್‌ಗೆ ಅದೇ ಒಳ್ಳೆಯದು.

---

ಡಲ್ಲಾಸ್_ದಾವಣಗೆರೆ (ಟೆಕ್ಸಸ್)

ನಮ್ಮ ಕಡೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನವರದ್ದು ಇದೇ ಗೋಳು. ಅದರ ಐದನೇ ತಲೆಮಾರು ಸಿ5ರಲ್ಲಿ ಎಫ್45 ಅಂತ ಎಲೆಕ್ಟ್ರಾನಿಕ್ ಶಾಕ್ ಬರುತ್ತಿತ್ತು, 2003ರಿಂದ ಅದರ ಬದಲು ಮ್ಯಾಗ್ನೆಟಿಕ್ ಬಂತು. ಎಫ್45 ಶಾಕ್‌ನ ಕನೆಕ್ಟರ್ ಸುಮ್ನೆ ಬಿಚ್ಚಿಟ್ಟು ಮಾಮೂಲಿ ಶಾಕ್ ಹಾಕಿದರೆ ಗಾಡಿ ವೇಗಕ್ಕೇ ಕಡಿವಾಣ ಹಾಕುತ್ತದೆ, ಗಂಟೆಗೆ 80 ಮೈಲಿ, ಅಂದರೆ ಸುಮಾರು 129 ಕಿ.ಮೀ. ಹಾಗಾಗಿ ಪ್ರತಿ ಕನೆಕ್ಟರ್‌ಗೆ ಒಂದು ರೆಸಿಸ್ಟರ್ ಹಾಕಿ ಕಂಪ್ಯೂಟರನ್ನು ನಂಬಿಸುತ್ತಾರೆ. ಮುಂಜಾವು ಸಾರ್, ನಿಮ್ಮ ಗಾಡಿಗೂ ರೆಸಿಸ್ಟರ್ ಸಾಕು, ಹತ್ತು ರೂಪಾಯಿ ಕೆಲಸ.

---

ಗ್ರೀಸ್_ಕೈ

ಹತ್ತು ರೂಪಾಯಿ ರೆಸಿಸ್ಟರ್ ಹಾಕಿ ಬೆಂಕಿ ತರಿಸಬೇಡಿ ಸಾರ್. ಕಾಯಿಲ್ 3 ಓಮ್ ಇದೆ, ಕರೆಂಟ್ 1 ಆಂಪಿಯರ್ ಹರಿಯುತ್ತಿದೆ ಅಂತ ಇಟ್ಟುಕೊಳ್ಳಿ, 3 ವಾಟ್ ಶಾಖ. ಎಸ್‌ಪಿ ರೋಡಲ್ಲಿ ಸಿಗುವ ಕಾಲು ವಾಟ್ ರೆಸಿಸ್ಟರ್ ಸುಟ್ಟು ಕರಕಲಾಗುತ್ತದೆ. ಹಾಕುವುದೇ ಆದರೆ ಅಲ್ಯೂಮಿನಿಯಂ ಕವಚದ 10 ವಾಟ್‌ನದ್ದು ಹಾಕಿ, ಗಾಳಿ ಆಡುವ ಕಡೆ ಲೋಹಕ್ಕೆ ಬೋಲ್ಟ್ ಮಾಡಬೇಕು. ಅದರ ಮೇಲೂ ಕೆಲವು ಕಂಟ್ರೋಲರ್‌ಗಳು ಬರೀ ರೆಸಿಸ್ಟರ್‌ಗೆ ಮೋಸ ಹೋಗುವುದಿಲ್ಲ, ಕಾಯಿಲ್‌ನಲ್ಲಿ ಕರೆಂಟ್ ಏರುವ ರೀತಿಯನ್ನೂ ನೋಡುತ್ತವೆ. ಕೆಡಬ್ಲ್ಯೂನವರೇ ಇದಕ್ಕೆ ಅಂತ ಕ್ಯಾನ್ಸಲೇಷನ್ ಕಿಟ್ ಮಾಡುತ್ತಾರೆ. ದುಡ್ಡು ಜಾಸ್ತಿ, ಆದರೆ ಅದನ್ನೇ ತಗೊಳ್ಳಿ.

ಇನ್ನೊಂದು ದಾರಿ, ಪೋರ್ಷ ಟೆಸ್ಟರ್ ಇರುವವರ ಹತ್ತಿರ ಗಾಡಿಯ ಕಂಪ್ಯೂಟರಿನಲ್ಲಿರುವ ಉಪಕರಣಗಳ ಪಟ್ಟಿಯಿಂದ ಪಿಎಎಸ್‌ಎಂ ತೆಗೆಸಿ ಕೋಡ್ ಮಾಡಿಸುವುದು. ಅದು ಶುದ್ಧ ಕೆಲಸ.

---

ಡಲ್ಲಾಸ್_ದಾವಣಗೆರೆ

ಒಪ್ಪಿದೆ, ವಾಟ್ ಮುಖ್ಯ. ಇಲ್ಲಿ ಸಿಗುವುದು ಕವಚ ಇರುವುದೇ.

---

ಕುಡ್ಲ_ಕಾರು (ಮಂಗಳೂರು)

ನನ್ನದು ಆಡಿ ಟಿಟಿ, ಎರಡನೇ ತಲೆಮಾರು. ಮ್ಯಾಗ್ನೆಟಿಕ್ ರೈಡ್ ಇತ್ತು, ಹಿಂದಿನ ಮಾಲೀಕರೇ ಕಿತ್ತು ಕಾಯಿಲ್‌ಓವರ್ ಹಾಕಿಸಿದ್ದರು. ಈ ಮ್ಯಾಗ್ನೆಟಿಕ್ ಬೇರೆ ಜಾತಿ ಮಾರಾಯ್ರೇ. ಅದರಲ್ಲಿ ಚಲಿಸುವ ವಾಲ್ವೇ ಇಲ್ಲ. ಎಣ್ಣೆಯಲ್ಲೇ ಕಬ್ಬಿಣದ ಸಣ್ಣ ಕಣ ತೇಲುತ್ತಿರುತ್ತದೆ, ಪಿಸ್ಟನ್‌ನಲ್ಲಿರುವ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಕಣಗಳು ಸಾಲುಗಟ್ಟಿ ಎಣ್ಣೆ ಗಟ್ಟಿಯಾಗುತ್ತದೆ. 2002ರಲ್ಲಿ ಕ್ಯಾಡಿಲ್ಯಾಕ್ ಸೆವಿಲ್‌ನಲ್ಲಿ ಮೊದಲು ಬಂತು. ಕರೆಂಟ್ ಹೋದರೆ ಬರೀ ಎಣ್ಣೆ, ಗಾಡಿ ದೋಣಿಯ ಹಾಗೆ ತೇಲುತ್ತದೆ. ಹಾಗಾಗಿ ನಮ್ಮಲ್ಲಿ ಕೆಟ್ಟರೆ ತಡ ಮಾಡುವ ಹಾಗಿಲ್ಲ.

ನಾನು ಹೇಳಬೇಕೆಂದಿದ್ದು ಬೇರೆ. ಕರಾವಳಿಯವರು ಕಾಯಿಲ್‌ಓವರ್ ತಗೊಳ್ಳುವಾಗ ಕೊಳವೆ ಯಾವ ಲೋಹದ್ದು ಅಂತ ಕೇಳಿ. ಉಪ್ಪು ಗಾಳಿಗೆ ಎತ್ತರ ಹೊಂದಿಸುವ ರಿಂಗ್ ಥ್ರೆಡ್‌ಗೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಸುತ್ತಿಗೆ ತಗೊಂಡರೂ ಅಲ್ಲಾಡುವುದಿಲ್ಲ. ಕೆಡಬ್ಲ್ಯೂ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮಾಡುತ್ತಾರೆ, ಅದಕ್ಕೇ ನಾನು ಅವರ ಪಕ್ಷ. ಪ್ರತಿ ಮಳೆಗಾಲ ಮುಗಿದ ಮೇಲೆ ಥ್ರೆಡ್ ತೊಳೆದು ಬ್ರಷ್ ಹಾಕುವುದು ಅಭ್ಯಾಸ ಮಾಡಿಕೊಳ್ಳಿ.

---

ಹುಬ್ಳಿ_ಹೈವೇ (ಹುಬ್ಬಳ್ಳಿ)

ಎಲ್ಲರೂ ಶಾಕ್ ಶಾಕ್ ಅಂತೀರಲ್ರೀ, ಟೈರ್ ಯಾವ ಸೈಜು ಅಂತ ಯಾರೂ ಕೇಳಲಿಲ್ಲ. 19 ಇಂಚ್ ಅಲಾಯ್ ಇದ್ದರೆ ಮೊದಲು 18 ಹಾಕಿ ನೋಡ್ರಿ. ಮುಂದೆ 235/35 ಅಂದರೆ ಟೈರಿನ ಗೋಡೆ 82 ಮಿ.ಮೀ. 18 ಇಂಚಿಗೆ 235/40 ಹಾಕಿದರೆ 94 ಮಿ.ಮೀ. 12 ಮಿ.ಮೀ. ರಬ್ಬರ್ ಪುಕ್ಕಟೆ ಸಿಕ್ಕಿತು. ಅವರ ತಾಯಿಯ ಸೊಂಟಕ್ಕೆ ಎಲ್ಲಾ ಶಾಕ್‌ಗಿಂತ ಅದೇ ದೊಡ್ಡ ಉಪಕಾರ. ರಿಮ್ ಬಾಗುವುದೂ ಕಡಿಮೆ.

---

ಟ್ರ್ಯಾಕ್_ಹುಚ್ಚ

ಇದಕ್ಕೆ ನನ್ನ ಪೂರ್ತಿ ಬೆಂಬಲ. ಟ್ರ್ಯಾಕ್‌ಗೂ 18 ಒಳ್ಳೆಯದು, ಟೈರ್ ಅಗ್ಗ.

---

ವಕೀಲ_ಸವಾರ (ಮೈಸೂರು)

ಕಾನೂನಿನ ಮಾತೂ ಒಂದಿರಲಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ನೋಂದಣಿ ಪುಸ್ತಕದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಸವೆದ ಶಾಕ್ ತೆಗೆದು ಹೊಸದು ಹಾಕುವುದು ರಿಪೇರಿ. ಗಾಡಿಯನ್ನು ಎರಡಿಂಚು ತಗ್ಗಿಸುವುದು ಬೇರೆ ವಿಚಾರ. ಏನೇ ಹಾಕಿಸಿದರೂ ಇನ್ಶೂರೆನ್ಸ್‌ನವರಿಗೆ ಲಿಖಿತವಾಗಿ ತಿಳಿಸಿ, ಬಿಲ್ ಇಟ್ಟುಕೊಳ್ಳಿ. ಕ್ಲೇಮ್ ಬಂದಾಗ ಸರ್ವೇಯರ್ ಮೊದಲು ಕಣ್ಣು ಹಾಕುವುದೇ ಕಂಪನಿಯದಲ್ಲದ ಪಾರ್ಟ್‌ಗಳ ಮೇಲೆ.

---

ಕೊಡಗಿನ_ತಿರುವು

ಬೇರೆ ವಿಷಯ: ನಂದಿಗೆ ಹೋಗುವವರು ಈಗ ತಿಂಡಿಗೆ ಎಲ್ಲಿ ನಿಲ್ಲಿಸುತ್ತೀರಿ? ದೇವನಹಳ್ಳಿ ಕಡೆ ಗಾಡಿ ತಳ ಉಜ್ಜದೆ ಒಳಗೆ ಹೋಗುವ ಹೋಟೆಲ್ ಬೇಕು.

---

ಹುಬ್ಳಿ_ಹೈವೇ

ತಗ್ಗಿಸಿದ ಗಾಡಿಯವರ ದೊಡ್ಡ ಸಮಸ್ಯೆಯೇ ಅದು ನೋಡ್ರಿ. ಇಡ್ಲಿ ಕಾಣುತ್ತದೆ, ಒಳಗೆ ಹೋಗಲು ಆಗುವುದಿಲ್ಲ.

---

ನಂದಿ_ಮುಂಜಾವು

ನೋಡಿದೆ. ಗ್ರೀಸ್_ಕೈ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಬಲ, ಎಡ ಎರಡೂ ಶಾಕ್‌ನ ಓಮ್ ಹೆಚ್ಚು ಕಡಿಮೆ ಒಂದೇ. ಕಾಯಿಲ್ ಚೆನ್ನಾಗಿದೆ. ಕನೆಕ್ಟರ್ ಬಿಚ್ಚಿದಾಗ ಒಂದು ಪಿನ್ ಮೇಲೆ ಹಸಿರು ಪುಡಿ, ಒಳಗಿನ ರಬ್ಬರ್ ಸೀಲ್ ಸೀಳಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಪಿನ್ ಬಿಗಿ ಮಾಡಿ ಜೋಡಿಸಿದೆ. ಸಂದೇಶ ಆಮೇಲೆ ಬಂದಿಲ್ಲ. ಸೋರುವುದು ಮಾತ್ರ ಸೋರುತ್ತಲೇ ಇದೆ. ಬಾನೆಟ್ ಮೂಲೆ ಒತ್ತಿ ಬಿಟ್ಟರೆ ಬಲಗಡೆ ಒಂದು ಸಲ ಜಾಸ್ತಿ ಆಡುತ್ತದೆ.

ಅಂದರೆ ಎಲೆಕ್ಟ್ರಾನಿಕ್ಸ್ ಕೆಟ್ಟಿಲ್ಲ. ಈಗ ಅದನ್ನು ಕೀಳಲು ಮನಸ್ಸು ಬರುತ್ತಿಲ್ಲ.

---

ಗ್ರೀಸ್_ಕೈ

ಕೀಳಬೇಡಿ ಅಂತಲೇ ನಾನು ಹೇಳುವುದು. ನಿಮ್ಮ ಓಡಾಟಕ್ಕೆ ಬಟನ್ ಒತ್ತಿದರೆ ಬದಲಾಗುವ ಶಾಕ್ ನಿಜವಾಗಿ ಉಪಯೋಗ. ಅಮ್ಮ ಇದ್ದಾಗ ನಾರ್ಮಲ್, ಘಾಟಿಯಲ್ಲಿ ಸ್ಪೋರ್ಟ್. ಶಾಕ್ ಜೋಡಿಯಾಗಿಯೇ ಬದಲಿಸಿ, ಒಂದು ಕಡೆ ಮಾತ್ರ ಬೇಡ. ಟಾಪ್ ಮೌಂಟ್ (ಶಾಕ್‌ನ ಮೇಲ್ತುದಿ ಕೂರುವ ಭಾಗ), ಬೇರಿಂಗ್, ರಬ್ಬರ್ ಸ್ಟಾಪರ್ ಅದರ ಜೊತೆಗೇ ಹೊಸದು. ಹಿಂದಿನದಕ್ಕೆ ಡಿಕ್ಕಿಯ ಕಾರ್ಪೆಟ್, ಪಕ್ಕದ ಟ್ರಿಮ್ ಬಿಚ್ಚಬೇಕು, ಆಗಲೇ ಮೇಲಿನ ನಟ್ ಸಿಗುವುದು. ಕೆಳಗಿನ ಕ್ಲ್ಯಾಂಪ್ ಸ್ಕ್ರೂಡ್ರೈವರ್ ಹೊಡೆದು ಅಗಲಿಸಲು ಯಾರಿಗೂ ಬಿಡಬೇಡಿ, ಅದಕ್ಕೆ ಬೇರೆ ಟೂಲ್ ಇದೆ. ಚಕ್ರ ಹಿಡಿದಿರುವ ಆರ್ಮ್‌ಗಳ ರಬ್ಬರ್ ಬುಷ್ ಬೋಲ್ಟ್‌ಗೆ ಕೊನೆಯ ಬಿಗಿತ ಗಾಡಿ ತನ್ನ ಎತ್ತರದಲ್ಲಿ ನಿಂತಿರುವಾಗ ಕೊಡಿಸಿ. ಜ್ಯಾಕ್ ಮೇಲೆ ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

---

ಟ್ರ್ಯಾಕ್_ಹುಚ್ಚ

ನನಗೆ ಒಪ್ಪಿಗೆ ಇಲ್ಲ. ಇಷ್ಟೆಲ್ಲ ಬಿಚ್ಚುವ ಕೂಲಿ ಹೇಗೂ ಕೊಡುತ್ತೀರಿ. ಅದೇ ಕೂಲಿಗೆ ಒಂದು ಸಲ ಒಳ್ಳೆ ಕಾಯಿಲ್‌ಓವರ್ ಹಾಕಿಸಿ, ಎತ್ತರ ಕಂಪನಿ ಮಟ್ಟಕ್ಕೇ ಇಡಿ, ಗಡಸುತನದ ತಿರುಪನ್ನು ಮೆತ್ತಗಿನ ಕಡೆ ತಿರುಗಿಸಿ. ಅಮ್ಮನಿಗೂ ಸರಿ, ಟ್ರ್ಯಾಕ್‌ಗೂ ಸರಿ. ನನ್ನ ಗಾಡಿಯಲ್ಲಿ ನನ್ನ ಮಾವನವರು ಬೆಂಗಳೂರಿನಿಂದ ಕುಂಭಕೋಣದವರೆಗೆ ಬಂದಿದ್ದಾರೆ, ಒಂದು ಮಾತು ದೂರಲಿಲ್ಲ.

---

ನೆಕಾರ್_ತೀರ

ಎತ್ತರದ ಬಗ್ಗೆ ಒಂದು ಎಚ್ಚರಿಕೆ. ಪಿಎಎಸ್‌ಎಂ ಗಾಡಿ ಮಾಮೂಲಿ ಕೇಮನ್‌ಗಿಂತ ಈಗಾಗಲೇ 10 ಮಿ.ಮೀ. ಕೆಳಗಿದೆ. ಬಹುತೇಕ ಕಾಯಿಲ್‌ಓವರ್ ಸೆಟ್‌ಗಳ ಹೊಂದಾಣಿಕೆ ಅಲ್ಲಿಂದ ಕೆಳಕ್ಕೇ ಹೋಗುತ್ತದೆ. ಕಂಪನಿ ಮಟ್ಟಕ್ಕೆ ಇಡುತ್ತೇನೆ ಅಂದರೂ ಆ ಸೆಟ್‌ನಲ್ಲಿ ಅಷ್ಟು ಮೇಲೆ ಬರುತ್ತದಾ ಅಂತ ಕೊಳ್ಳುವ ಮೊದಲೇ ನೋಡಿ. ಹಾಗೇ ಬಿಲ್‌ಸ್ಟೈನ್ ಬಿಡಿ ಶಾಕ್ ತಗೊಳ್ಳುವವರು ಬಿ6, ಬಿ8 ಅದಲು ಬದಲು ಮಾಡಬೇಡಿ. ಬಿ6 ಕಂಪನಿ ಎತ್ತರಕ್ಕೆ, ಬಿ8 ತಗ್ಗಿಸಿದ ಸ್ಪ್ರಿಂಗ್‌ಗೆ, ಅದರ ಉದ್ದವೇ ಕಡಿಮೆ. ಕ್ಸೆನಾನ್ ಹೆಡ್‌ಲೈಟ್ ಇದ್ದರೆ ಎತ್ತರ ಬದಲಾದ ಮೇಲೆ ಲೆವೆಲ್ ಸೆನ್ಸರನ್ನೂ ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

---

ಪಿಸ್ಟನ್_ಪಾಠ

ಮುಂಜಾವು ಅವರಿಗೆ ಇನ್ನೊಂದು ಆಯ್ಕೆ: ಶಾಕ್ ಹೊಸದು ಹಾಕಿಸಿದ ಮೇಲೂ ನಡವಳಿಕೆ ಇಷ್ಟವಾಗದಿದ್ದರೆ ಕಂಟ್ರೋಲರ್ ಮಾತ್ರ ಬದಲಿಸಬಹುದು. ಡಿಎಸ್‌ಸಿ ಸ್ಪೋರ್ಟ್ ಅನ್ನುವ ಡಬ್ಬಿ ಪಿಎಎಸ್‌ಎಂ ಕಂಟ್ರೋಲರ್ ಜಾಗದಲ್ಲೇ ಕೂರುತ್ತದೆ, ಯಾವ ಸ್ಥಿತಿಯಲ್ಲಿ ಎಷ್ಟು ಗಡಸು ಅಂತ ನಾವೇ ಬರೆಯಬಹುದು. ಬೇಡ ಅನಿಸಿದರೆ ಹಳೇದು ವಾಪಸ್ ಚುಚ್ಚಿದರೆ ಆಯಿತು.

---

ನಂದಿ_ಮುಂಜಾವು

ತೀರ್ಮಾನ ಮಾಡಿದೆ. ಪಿಎಎಸ್‌ಎಂ ಉಳಿಸಿಕೊಳ್ಳುತ್ತೇನೆ. ನಾಲ್ಕೂ ಶಾಕ್ ಕಂಪನಿ ಎತ್ತರದ ಎಲೆಕ್ಟ್ರಾನಿಕ್‌ದೇ, ಮೌಂಟ್ ಎಲ್ಲ ಹೊಸದು. 18 ಇಂಚ್ ಅಲಾಯ್ ಹುಡುಕುತ್ತಿದ್ದೇನೆ, ಯಾರ ಹತ್ತಿರವಾದರೂ ಇದ್ದರೆ ಹೇಳಿ. ಟ್ರ್ಯಾಕ್_ಹುಚ್ಚ ಅವರೇ, ನೀವು ಹೇಳಿದ್ದನ್ನು ತಳ್ಳಿಹಾಕುತ್ತಿಲ್ಲ. ಬರೀ ಟ್ರ್ಯಾಕ್‌ಗೆ ಅಂತ ಗಾಡಿ ಇಟ್ಟಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

---

ಟ್ರ್ಯಾಕ್_ಹುಚ್ಚ

ಸರಿ, ಕರಿಗೆ ಬಂದಾಗ ನನ್ನ ಗಾಡಿ ಓಡಿಸಿ ನೋಡಿ. ಆಮೇಲೆ ಮಾತಾಡೋಣ.

---

ಕುಡ್ಲ_ಕಾರು

ಹಳೇ ಶಾಕ್ ನಾಲ್ಕೂ ಗುಜರಿಗೆ ಹಾಕಬೇಡಿ. ಸೋರದ ಮೂರನ್ನು ಎತ್ತಿಡಿ, ಯಾರಿಗಾದರೂ ಬೇಕಾಗುತ್ತದೆ.

---

ಬಾಕ್ಸ್‌ಸ್ಟರ್_ಬೆಳಗಾವಿ (ಬೆಳಗಾವಿ)

ನನಗೇ ಬೇಕು! ನನ್ನದು ಪೋರ್ಷ ಬಾಕ್ಸ್‌ಸ್ಟರ್ ಎಸ್ (987 ಮಾದರಿ), ಹಿಂದಿನ ಎಡಗಡೆಯದು ಹೋಗಿದೆ. ಕೇಮನ್‌ದು ಕೂರುತ್ತದಾ?

---

ಗ್ರೀಸ್_ಕೈ

ನೋಡಲು ಒಂದೇ ಥರ ಇರುತ್ತದೆ ಮೇಡಂ, ಅದನ್ನು ನಂಬಬೇಡಿ. ಶಾಕ್ ಮೇಲೆ ಒತ್ತಿರುವ ಪಾರ್ಟ್ ನಂಬರಿನ ಫೋಟೋ ಇಬ್ಬರೂ ಹಾಕಿ, ಹೋಲಿಸಿ ಹೇಳುತ್ತೇನೆ.